ಹತ್ತಿರದ ಅಂಗಡಿಯಲ್ಲಿ ಹಾಸಿಗೆ ಕೊಳ್ಳುವುದು: ಮಲಗಿ ನೋಡಿ, ತೂಗಿ ನೋಡಿ, ಬರೆಸಿಕೊಳ್ಳಿ

ಹಾಸಿಗೆ ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಅಂಗೈಯಿಂದ ಒತ್ತಿ ನೋಡುವುದು. ಮೆತ್ತಗಿದ್ದರೆ ಒಳ್ಳೆಯದು, ಒತ್ತಿದ ಜಾಗ ತಕ್ಷಣ ಮೇಲೆದ್ದರೆ ಇನ್ನೂ ಒಳ್ಳೆಯದು ಎಂದುಕೊಂಡು ನಾನೂ ಒಮ್ಮೆ ಹಾಗೆಯೇ ಕೊಂಡಿದ್ದೆ. ಎರಡು ವರ್ಷ ತುಂಬುವ ಮೊದಲೇ ಸೊಂಟ ಊರುವ ಕಡೆ ತಗ್ಗು ಬಿದ್ದು, ಬೆಳಗ್ಗೆ ಎದ್ದು ನೆಟ್ಟಗೆ ನಿಲ್ಲಲು ಹತ್ತು ನಿಮಿಷ ಬೇಕಾಗತೊಡಗಿತು. ಹೊಲಿಗೆ ಬಿಚ್ಚಿ ನೋಡಿದಾಗ ಮೇಲ್ಗಡೆ ಒಂದಂಗುಲದಷ್ಟು ಮೆತ್ತನೆಯ ಫೋಮ್, ಅದರ ಕೆಳಗೆಲ್ಲ ಸಾಮಾನು ಪ್ಯಾಕ್ ಮಾಡಲು ಬಳಸುವಂಥ ಹಗುರವಾದ ಬಿಳಿ ಹಾಳೆಗಳು ಇದ್ದವು. ಅಂಗಡಿಯವರನ್ನು ಕೇಳೋಣವೆಂದರೆ ನನ್ನ ಬಿಲ್ಲಿನಲ್ಲಿ ‘ಹಾಸಿಗೆ – 1’ ಎಂಬುದನ್ನು ಬಿಟ್ಟು ಮತ್ತೊಂದು ಅಕ್ಷರವಿರಲಿಲ್ಲ.

ಆ ತಪ್ಪನ್ನು ಇನ್ನೊಬ್ಬರು ಮಾಡಬಾರದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಹಾಸಿಗೆಯ ಒಳಗೆ ಏನಿದೆ ಎಂದು ತಿಳಿಯಬೇಕು, ಅದರ ಮೇಲೆ ಸಾಕಷ್ಟು ಹೊತ್ತು ಮಲಗಬೇಕು, ಅಂಗಡಿಯವರು ಹೇಳಿದ್ದನ್ನೆಲ್ಲ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಈ ಮೂರೂ ಕೆಲಸಗಳನ್ನು ಪಾರ್ಸೆಲ್‌ನಲ್ಲಿ ಸುರುಳಿ ಸುತ್ತಿ ಬರುವ ಹಾಸಿಗೆಗಿಂತ ನಡೆದು ಹೋಗಿ ನೋಡಬಹುದಾದ ಅಂಗಡಿಯಲ್ಲಿ ಹೆಚ್ಚು ಚೆನ್ನಾಗಿ ಮಾಡಬಹುದು. ಹತ್ತಿರದ ಅಂಗಡಿಯ ನಿಜವಾದ ಲಾಭ ಇದು. ಈ ಲಾಭವನ್ನು ಬಳಸಿಕೊಳ್ಳದೆ ಐದು ನಿಮಿಷದಲ್ಲಿ ಆರಿಸಿ ಬರುವುದಾದರೆ ಅಂಗಡಿಗೆ ಹೋದದ್ದಕ್ಕೂ ಮನೆಯಲ್ಲಿ ಕುಳಿತು ಚಿತ್ರ ನೋಡಿ ತರಿಸಿದ್ದಕ್ಕೂ ವ್ಯತ್ಯಾಸವೇನೂ ಉಳಿಯುವುದಿಲ್ಲ.

ಹೊರಡುವ ಮೊದಲು

ಮಂಚವನ್ನು ಅಳೆಯಿರಿ. ಹಳೆಯ ಹಾಸಿಗೆಯನ್ನು ಅಳೆದರೆ ಸಾಲದು, ಏಕೆಂದರೆ ವರ್ಷಗಟ್ಟಲೆ ಬಳಸಿದ ಹಾಸಿಗೆ ಅಂಚುಗಳಲ್ಲಿ ಹರಡಿಕೊಂಡಿರುತ್ತದೆ. ಮಂಚಕ್ಕೆ ಸುತ್ತ ಚೌಕಟ್ಟು ಇದ್ದರೆ ಅದರ ಒಳ ಅಳತೆಯನ್ನು ಉದ್ದ, ಅಗಲ ಎರಡರಲ್ಲೂ ಎರಡೆರಡು ಕಡೆ ಅಳೆದು ಬರೆದುಕೊಳ್ಳಿ. ಮರಗೆಲಸದಲ್ಲಿ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಅರ್ಧ ಅಂಗುಲದ ಹೆಚ್ಚುಕಡಿಮೆ ಇರುವುದುಂಟು. ಹಾಸಿಗೆಯ ಉದ್ದವು ಮನೆಯಲ್ಲಿ ಅತಿ ಎತ್ತರದವರಿಗಿಂತ ಕನಿಷ್ಠ 10 ಸೆಂಟಿಮೀಟರ್ ಹೆಚ್ಚಿರಲಿ. ಮೆಟ್ಟಿಲ ತಿರುವು, ಲಿಫ್ಟು, ಕೋಣೆಯ ಬಾಗಿಲು ಇವುಗಳ ಅಳತೆಯನ್ನೂ ಅದೇ ಕಾಗದದಲ್ಲಿ ಗುರುತು ಮಾಡಿಕೊಳ್ಳಿ. ಸ್ಪ್ರಿಂಗ್ ಹಾಸಿಗೆಯನ್ನು ಫೋಮ್ ಹಾಸಿಗೆಯಂತೆ ಮಡಚಿ ಒಳಗೆ ತರಲು ಬರುವುದಿಲ್ಲ.

ದಪ್ಪವನ್ನು ನಿರ್ಧರಿಸುವಾಗ ಮಂಚದ ಎತ್ತರವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹಾಸಿಗೆಯ ಅಂಚಿನಲ್ಲಿ ಕುಳಿತಾಗ ಪಾದಗಳು ನೆಲಕ್ಕೆ ಪೂರ್ತಿಯಾಗಿ ಊರಿ, ಮಂಡಿ ಸುಮಾರು ಲಂಬಕೋನದಲ್ಲಿ ನಿಲ್ಲಬೇಕು. ವಯಸ್ಸಾದವರು, ಮಂಡಿನೋವಿರುವವರು ಇರುವ ಮನೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಎತ್ತರ ಹೆಚ್ಚಾದರೆ ರಾತ್ರಿ ಇಳಿಯುವಾಗ ಕಾಲಿಗೆ ನೆಲ ಸಿಗದೆ ತಡವರಿಸುತ್ತಾರೆ, ಕಡಿಮೆಯಾದರೆ ಏಳುವಾಗ ಆಸರೆಗಾಗಿ ಹುಡುಕಾಡುತ್ತಾರೆ.

ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿ ಮುಗಿಸುವುದು ಒಳಿತು. ಈಗಿನ ಹಾಸಿಗೆ ಕುಸಿದಿದೆ ಎನಿಸಿದರೆ ಅದನ್ನು ಎರಡು ಮೂರು ರಾತ್ರಿ ನೆಲದ ಮೇಲೆ ಹಾಸಿ ಮಲಗಿ ನೋಡಿ. ಆಗ ಬೆನ್ನುನೋವು ಕಡಿಮೆಯಾದರೆ ದೋಷ ಹಾಸಿಗೆಯದಲ್ಲ, ಮಂಚದ ಪಟ್ಟಿಗಳದೋ ಬಾಗಿದ ಹಲಗೆಯದೋ ಆಗಿರಬಹುದು. ಅಂಥ ಮಂಚದ ಮೇಲೆ ಎಷ್ಟು ಒಳ್ಳೆಯ ಹಾಸಿಗೆ ತಂದು ಹಾಸಿದರೂ ಅದು ಅದೇ ಗುಂಡಿಗೆ ಇಳಿಯುತ್ತದೆ. ಪಟ್ಟಿಗಳ ನಡುವಿನ ಅಂತರ 7–8 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಫೋಮ್ ಮತ್ತು ಲೇಟೆಕ್ಸ್ ಹಾಸಿಗೆಗಳು ಆ ಸಂದುಗಳಲ್ಲಿ ಜೋತುಬೀಳುತ್ತವೆ. ಅಗಲವಾದ ಮಂಚಕ್ಕೆ ನಡುವೆ ನೆಲಕ್ಕೆ ಊರುವ ಒಂದು ಕಾಲು ಇರಲೇಬೇಕು. ಮೊದಲು ಬಡಗಿಯನ್ನು ಕರೆಸಿ ಮಂಚ ಸರಿಪಡಿಸಿದರೆ ಕೆಲವೊಮ್ಮೆ ಹೊಸ ಹಾಸಿಗೆಯ ಖರ್ಚೇ ಉಳಿಯುತ್ತದೆ.

ಒಳಗೆ ಏನಿರುತ್ತದೆ

ಅಂಗಡಿಯಲ್ಲಿ ಕಾಣುವ ಹೆಸರುಗಳು ನೂರಾರು, ಆದರೆ ಒಳಗಿನ ವಸ್ತುಗಳು ಬೆರಳೆಣಿಕೆಯಷ್ಟೇ. ಒಂದೇ ಬಗೆಯ ಹಾಸಿಗೆಯನ್ನು ಬೇರೆ ಬೇರೆ ಅಂಗಡಿಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬಣ್ಣದ ಹೊದಿಕೆ ಹಾಕಿ ಮಾರುವುದರಿಂದ ಹೆಸರಿನಿಂದ ಹೋಲಿಕೆ ಮಾಡಲು ಹೋದವರು ದಾರಿ ತಪ್ಪುತ್ತಾರೆ. ಹೋಲಿಸಬೇಕಾದದ್ದು ಪದರಗಳನ್ನು. ‘ಇದರಲ್ಲಿ ಎಷ್ಟು ಪದರಗಳಿವೆ, ಪ್ರತಿಯೊಂದೂ ಎಷ್ಟು ದಪ್ಪ, ಯಾವ ವಸ್ತುವಿನದು, ಅದರ ಡೆನ್ಸಿಟಿ ಎಷ್ಟು’ ಎಂಬ ಒಂದು ಪ್ರಶ್ನೆಯನ್ನು ಎಲ್ಲ ಅಂಗಡಿಗಳಲ್ಲೂ ಕೇಳಿ. ಉತ್ತರಿಸಲು ಬಲ್ಲವರ ಬಳಿ ಮಾತು ಮುಂದುವರಿಸಿ. ‘ಒಳ್ಳೇ ಕ್ವಾಲಿಟಿ, ಕಣ್ಣುಮುಚ್ಚಿ ತಗೊಳ್ಳಿ’ ಎಂಬುದು ಉತ್ತರವಲ್ಲ.

ಹೆಚ್ಚಾಗಿ ಸಿಗುವುದು ಪಾಲಿಯುರೆಥೇನ್ ಫೋಮ್. ಇದರಲ್ಲಿ ಸಾಂದ್ರತೆ ಮತ್ತು ಗಟ್ಟಿತನ ಎರಡೂ ಬೇರೆ ಬೇರೆ ಗುಣಗಳೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಂಗಡಿಯವರು ಡೆನ್ಸಿಟಿ ಎನ್ನುವ ಸಾಂದ್ರತೆಯೆಂದರೆ ಒಂದು ಘನ ಮೀಟರ್ ಫೋಮ್‌ನ ತೂಕ ಎಷ್ಟು ಕಿಲೋ ಎಂಬ ಲೆಕ್ಕ. ಗಟ್ಟಿತನವೆಂದರೆ ಒತ್ತಿದಾಗ ಅದು ಎಷ್ಟು ತಡೆ ಒಡ್ಡುತ್ತದೆ ಎಂಬುದು. ತಯಾರಿಕೆಯಲ್ಲಿ ಬಳಸುವ ರಾಸಾಯನಿಕಗಳನ್ನು ಹೊಂದಿಸಿ ಕಡಿಮೆ ಸಾಂದ್ರತೆಯ ಫೋಮನ್ನು ಗಟ್ಟಿಯಾಗಿಯೂ ಹೆಚ್ಚು ಸಾಂದ್ರತೆಯದನ್ನು ಮೆತ್ತಗೂ ಮಾಡಬಹುದು. ಹಾಸಿಗೆ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಬಹಳಮಟ್ಟಿಗೆ ಹೇಳುವುದು ಸಾಂದ್ರತೆ, ಮಲಗಿದಾಗ ಹೇಗನಿಸುತ್ತದೆ ಎಂಬುದನ್ನು ಹೇಳುವುದು ಗಟ್ಟಿತನ. ಅಂಗಡಿಯಲ್ಲಿ ಗಟ್ಟಿಯಾಗಿ ಕಂಡ ಹಾಸಿಗೆ ವರ್ಷದೊಳಗೆ ಹಳ್ಳ ಬೀಳುವುದಕ್ಕೆ ಕಾರಣ ಈ ಎರಡನ್ನೂ ಒಂದೇ ಎಂದು ತಿಳಿಯುವುದು. ನಿತ್ಯ ಮಲಗುವ ಹಾಸಿಗೆಯ ಕೆಳಪದರಕ್ಕೆ 32 ಕಿಲೋಗಿಂತ ಕಡಿಮೆ ಸಾಂದ್ರತೆಯ ಫೋಮ್ ಬೇಡ ಎಂಬುದು ನನ್ನ ಅಭಿಪ್ರಾಯ. ಮೈತೂಕ ಹೆಚ್ಚಿರುವವರು 40ರ ಆಸುಪಾಸಿನದನ್ನು ಕೇಳುವುದು ಒಳ್ಳೆಯದು. ಎಚ್.ಆರ್. ಫೋಮ್ ಎಂದು ಕರೆಯುವುದು ಇದೇ ಜಾತಿಯಲ್ಲಿ ಹೆಚ್ಚು ಪುಟಿಯುವ ಬಗೆ. ಹೊರಳಲು ಹಗುರ, ಒತ್ತಡ ತೆಗೆದ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ.

ಮೆಮೊರಿ ಫೋಮ್‌ನ ಕಥೆ ಸ್ವಲ್ಪ ಬೇರೆ. 1960ರ ದಶಕದಲ್ಲಿ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಲ್ಲಿ ಆಘಾತವನ್ನು ಹೀರಿಕೊಳ್ಳುವ ಮೆತ್ತೆಯನ್ನು ಹುಡುಕುವ ಕೆಲಸದಲ್ಲಿ ಇದು ಹುಟ್ಟಿತು. ಮೈಬಿಸಿಗೆ ಮೆದುವಾಗಿ, ಭಾರ ಬಿದ್ದಲ್ಲಿ ನಿಧಾನವಾಗಿ ಇಳಿದು, ಭಾರ ತೆಗೆದ ಮೇಲೆ ನಿಧಾನವಾಗಿ ಮೇಲೇಳುವುದು ಇದರ ಸ್ವಭಾವ. ಈ ಗುಣದಿಂದಲೇ ಭುಜಕ್ಕೂ ಸೊಂಟದ ಮೂಳೆಗೂ ಒತ್ತಡ ಕಡಿಮೆಯಾಗುತ್ತದೆ, ಪಕ್ಕದಲ್ಲಿರುವವರು ಹೊರಳಿದರೆ ಅಲುಗಾಟ ತಿಳಿಯುವುದಿಲ್ಲ. ಇದೇ ಗುಣದಿಂದ ತೊಂದರೆಯೂ ಇದೆ. ಮೈಯನ್ನು ಅಪ್ಪಿಕೊಳ್ಳುವುದರಿಂದ ಗಾಳಿಯಾಡದೆ ಸೆಕೆಯಾಗುತ್ತದೆ, ಚಳಿಗಾಲದ ಕೋಣೆಯಲ್ಲಿ ಮೊದಲ ಕೆಲವು ನಿಮಿಷ ಗಟ್ಟಿಯಾಗಿರುತ್ತದೆ, ಮಗ್ಗುಲು ಬದಲಿಸಲು ಶಕ್ತಿ ಸಾಲದ ವೃದ್ಧರಿಗೆ ಸಿಕ್ಕಿಬಿದ್ದಂತೆ ಅನಿಸಬಹುದು. ಹಾಸಿಗೆ ಪೂರ್ತಿ ಮೆಮೊರಿ ಫೋಮ್‌ನದಾಗಿರುವುದು ಅಪರೂಪ. ಒಳ್ಳೆಯ ಕೆಳಪದರದ ಮೇಲೆ 5 ಸೆಂಟಿಮೀಟರ್ ಆಸುಪಾಸಿನ ಮೆಮೊರಿ ಫೋಮ್ ಇರುವುದು ಸಾಮಾನ್ಯ ಕ್ರಮ. ಇದರ ಸಾಂದ್ರತೆ 50 ಕಿಲೋ ಅಥವಾ ಹೆಚ್ಚಿದ್ದರೆ ಒಳ್ಳೆಯದು. ಮೇಲೆ ಒಂದೆರಡು ಸೆಂಟಿಮೀಟರ್ ಹೊಲಿದು ‘ಮೆಮೊರಿ ಫೋಮ್ ಹಾಸಿಗೆ’ ಎಂದು ಹೆಸರಿಡುವುದೂ ಇದೆ. ಅಷ್ಟು ತೆಳುವಾದ ಪದರದಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲನ್ನು ನೊರೆ ಬರಿಸಿ, ಅಚ್ಚಿನಲ್ಲಿ ಬೇಯಿಸಿ ಮಾಡಿದ ವಸ್ತು. ಡನ್‌ಲಪ್ ವಿಧಾನದಲ್ಲಿ ತಯಾರಾದದ್ದು ಸ್ವಲ್ಪ ದಟ್ಟ, ಅಚ್ಚಿನ ತಳಭಾಗದಲ್ಲಿ ಇನ್ನಷ್ಟು ಗಟ್ಟಿ. ಟಾಲಲೇ ವಿಧಾನದಲ್ಲಿ ನೊರೆಯನ್ನು ನಿರ್ವಾತದಲ್ಲಿ ಹಿಗ್ಗಿಸಿ ಹೆಪ್ಪುಗಟ್ಟಿಸಿ ಬೇಯಿಸುವುದರಿಂದ ಅದು ಎಲ್ಲೆಡೆ ಒಂದೇ ಹದವಾಗಿ ಹಗುರವಾಗಿರುತ್ತದೆ. ಪುಟಿತ, ಬಾಳಿಕೆ, ಗಾಳಿಯಾಟ ಮೂರರಲ್ಲೂ ಒಳ್ಳೆಯ ಲೇಟೆಕ್ಸನ್ನು ಮೀರಿಸುವುದು ಕಷ್ಟ. ಆದರೆ ಅದು ತುಂಬ ಭಾರ, ಬೆಲೆಯೂ ಹೆಚ್ಚು. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ನೈಸರ್ಗಿಕ ಲೇಟೆಕ್ಸ್‌ನ ಪಾಲು ನೂರಕ್ಕೆ ಎಷ್ಟು? ಪೆಟ್ರೋಲಿಯಂನಿಂದ ಮಾಡಿದ ಕೃತಕ ಲೇಟೆಕ್ಸ್ ಬೆರೆಸಿದ್ದನ್ನೂ ‘ನ್ಯಾಚುರಲ್’ ಎಂದೇ ಮಾರುವುದುಂಟು. ಗೋಲ್ಸ್ ಎಂಬ ಸಾವಯವ ಲೇಟೆಕ್ಸ್ ಪ್ರಮಾಣಪತ್ರವಿದ್ದರೆ ಅದರ ಪ್ರತಿಯನ್ನು ತೋರಿಸಲು ಹೇಳಿ. ರಬ್ಬರ್ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಇದನ್ನು ಕೊಳ್ಳಬಾರದು.

ಸ್ಪ್ರಿಂಗ್ ಹಾಸಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಬಾನೆಲ್ ಎಂಬುದರಲ್ಲಿ ನಡು ಸಣ್ಣಗಿರುವ ಸುರುಳಿಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಹೆಣೆದಿರುತ್ತಾರೆ, ಆದ್ದರಿಂದ ಒಂದು ಕಡೆ ಒತ್ತಿದರೆ ಅಕ್ಕಪಕ್ಕವೂ ಇಳಿಯುತ್ತದೆ. ಪಾಕೆಟ್ ಸ್ಪ್ರಿಂಗ್‌ನಲ್ಲಿ ಪ್ರತಿ ಸುರುಳಿಯೂ ಬಟ್ಟೆಯ ಚೀಲದೊಳಗೆ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತದೆ. ಇಬ್ಬರು ಮಲಗುವ ಹಾಸಿಗೆಗೆ ಪಾಕೆಟ್ ಸ್ಪ್ರಿಂಗ್ ಮೇಲು. ತಂತಿಯ ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪವಾಗಿರುತ್ತದೆ ಎಂಬುದನ್ನು ನೆನಪಿಡಿ, ಏಕೆಂದರೆ ಸಂಖ್ಯೆ ದೊಡ್ಡದಾದರೆ ಒಳ್ಳೆಯದೆಂದು ಭಾವಿಸುವವರೇ ಹೆಚ್ಚು. ಸುರುಳಿಗಳ ಸಂಖ್ಯೆಯನ್ನು ಹೋಲಿಸುವುದಾದರೆ ಒಂದೇ ಅಳತೆಯ ಎರಡು ಹಾಸಿಗೆಗಳ ನಡುವೆ ಮಾತ್ರ ಹೋಲಿಸಿ. ಸ್ಪ್ರಿಂಗ್ ಹಾಸಿಗೆ ಕೆಡುವುದು ಹೆಚ್ಚಾಗಿ ಸ್ಪ್ರಿಂಗಿನಿಂದಲ್ಲ, ಅದರ ಮೇಲೆ ಹಾಕಿದ ಕಳಪೆ ಫೋಮ್ ಚಪ್ಪಟೆಯಾಗುವುದರಿಂದ. ಆದ್ದರಿಂದ ಇಲ್ಲಿಯೂ ಮೇಲಿನ ಪದರಗಳ ಡೆನ್ಸಿಟಿಯನ್ನು ಕೇಳಲೇಬೇಕು.

ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ ಕಾಯರ್ ಹಾಸಿಗೆ ಗಟ್ಟಿಯಾಗಿರುತ್ತದೆ, ಗಾಳಿಯಾಡುತ್ತದೆ. ಆದರೆ ಸೊಂಟದ ಭಾಗದಲ್ಲಿ ನಾರು ಕ್ರಮೇಣ ಅಡಗಿಬಿಟ್ಟರೆ ಮತ್ತೆ ಮೇಲೇಳುವುದಿಲ್ಲ. ಫೋಮ್ ಚೂರುಗಳನ್ನು ಅಂಟಿಸಿ ಒತ್ತಿದ ರಿಬಾಂಡೆಡ್ ಫೋಮ್ ಕೆಳಪದರವಾಗಿ ಪರವಾಗಿಲ್ಲ, ಅದೊಂದೇ ಆದರೆ ಹಲಗೆಯ ಮೇಲೆ ಮಲಗಿದಂತೆ. ಹತ್ತಿಯ ಹಾಸಿಗೆ ಕಾಲಕಾಲಕ್ಕೆ ಬಿಸಿಲು ಕಾಣಿಸಿ, ಕೆಲವು ವರ್ಷಕ್ಕೊಮ್ಮೆ ಹತ್ತಿಯನ್ನು ಹಿಂಜಿಸಿ ಮತ್ತೆ ತುಂಬಿಸಲು ಸಿದ್ಧರಿರುವವರಿಗೆ ಈಗಲೂ ಒಳ್ಳೆಯ ಆಯ್ಕೆ. ಆ ವ್ಯವಧಾನವಿಲ್ಲದಿದ್ದರೆ ಅದು ಗಂಟುಕಟ್ಟುತ್ತದೆ.

‘ಆರ್ಥೋಪೆಡಿಕ್’ ಎಂಬ ಪದದ ಬಗ್ಗೆ ಒಂದು ಮಾತು. ಯಾವ ಹಾಸಿಗೆಯನ್ನು ಹಾಗೆ ಕರೆಯಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ವೈದ್ಯಕೀಯ ಮಾನದಂಡವಿಲ್ಲ. ಅದು ಮಾರಾಟದ ಪದ, ಗಟ್ಟಿಯಾದ ಹಾಸಿಗೆಗೆ ಹಚ್ಚುವ ಚೀಟಿ. ನೋವಿನಲ್ಲಿರುವವರು ಆ ಪದವನ್ನು ನಂಬಿ ಹೆಚ್ಚು ಹಣ ತೆರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತೂಕದ ಲೆಕ್ಕ

ಅಂಗಡಿಯವರು ಹೇಳಿದ ಡೆನ್ಸಿಟಿ ನಿಜವೇ ಎಂದು ತಿಳಿಯಲು ಸಾಮಾನ್ಯ ಗಿರಾಕಿಗೂ ಸಾಧ್ಯವಾಗುವ ಒಂದು ದಾರಿ ಇದೆ, ಅದು ತೂಗುವುದು. ಸಾಂದ್ರತೆ ಎಂದರೆ ಒಂದು ಘನ ಮೀಟರಿನ ತೂಕವಾದ್ದರಿಂದ ಹಾಸಿಗೆಯ ಉದ್ದ, ಅಗಲ, ದಪ್ಪಗಳನ್ನು ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು ಸಾಂದ್ರತೆಯಿಂದ ಗುಣಿಸಿದರೆ ಹಾಸಿಗೆಯ ತೂಕ ಸಿಗಬೇಕು. ಉದಾಹರಣೆಗೆ 2 ಮೀಟರ್ ಉದ್ದ, 1.5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಫೋಮ್ ಹಾಸಿಗೆಯ ಗಾತ್ರ 0.45 ಘನ ಮೀಟರ್. ಇದು 40 ಡೆನ್ಸಿಟಿಯದಾದರೆ ಫೋಮ್ ಮಾತ್ರವೇ 18 ಕಿಲೋ ತೂಗಬೇಕು. 32ರದಾದರೆ 14.4 ಕಿಲೋ. ತೂಗಿದಾಗ 9 ಕಿಲೋ ಬಂದರೆ ಒಳಗಿರುವುದು 20ರ ಫೋಮ್ ಎಂದು ಅರ್ಥ, ಅಂಗಡಿಯವರು ಏನೇ ಹೇಳಲಿ. ಪದರಗಳು ಬೇರೆ ಬೇರೆಯಾಗಿದ್ದರೆ ಒಂದೊಂದನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೂಡಿಸಿ. ಇದೇ ಅಳತೆಯಲ್ಲಿ 10 ಸೆಂಟಿಮೀಟರ್ ದಪ್ಪದ 40ರ ಫೋಮ್ 12 ಕಿಲೋ, ಅದರ ಮೇಲೆ 5 ಸೆಂಟಿಮೀಟರ್ ದಪ್ಪದ 50ರ ಮೆಮೊರಿ ಫೋಮ್ 7.5 ಕಿಲೋ, ಒಟ್ಟು 19.5 ಕಿಲೋ. ಹೊದಿಕೆಯ ತೂಕ ಇದಕ್ಕೆ ಹೊರತು.

ಅಂಗಡಿಯಲ್ಲಿ ತಕ್ಕಡಿ ಇಲ್ಲದಿದ್ದರೆ ಮನುಷ್ಯರು ತೂಕ ನೋಡಿಕೊಳ್ಳುವ ಸಣ್ಣ ಯಂತ್ರವೇ ಸಾಕು. ಒಬ್ಬರು ಸುರುಳಿ ಸುತ್ತಿದ ಹಾಸಿಗೆಯನ್ನು ಹಿಡಿದು ಅದರ ಮೇಲೆ ನಿಲ್ಲಲಿ, ಅವರ ಮೈತೂಕವನ್ನು ಕಳೆಯಿರಿ. ತೂಕ ಕಡಿಮೆ ಬಂದರೆ ಹೇಳಿದ್ದು ನಿಜವಲ್ಲ ಎಂಬುದು ಖಚಿತ. ತೂಕ ಸರಿಯಾಗಿ ಬಂದರೆ ಅಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ಪುಡಿಯನ್ನು ಬೆರೆಸಿ ಕಳಪೆ ಫೋಮ್‌ನ ತೂಕ ಹೆಚ್ಚಿಸುವುದೂ ಇದೆ. ಅದಕ್ಕಾಗಿ ಅದೇ ಫೋಮ್‌ನ ಸಣ್ಣ ತುಂಡೊಂದನ್ನು ಕೇಳಿ ಪಡೆಯಿರಿ. ಬೆರಳಿನಿಂದ ಉಜ್ಜಿದರೆ ಪುಡಿ ಉದುರಬಾರದು, ಎಳೆದರೆ ಸುಲಭವಾಗಿ ಹರಿಯಬಾರದು, ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಸುಕ್ಕು ಉಳಿಯಬಾರದು. ಜಿಪ್ ಇರುವ ಹೊದಿಕೆಯಾದರೆ ಅಂಗಡಿಯಲ್ಲೇ ತೆರೆಸಿ ಪದರಗಳನ್ನು ಕಣ್ಣಾರೆ ನೋಡಿ. ನಾನು ಈಗ ಜಿಪ್ ಇಲ್ಲದ ಫೋಮ್ ಹಾಸಿಗೆಯನ್ನು ಕೊಳ್ಳುವುದೇ ಇಲ್ಲ.

ನಿಮ್ಮ ಊರಿನಲ್ಲಿ ಹಾಸಿಗೆಯನ್ನು ತಾವೇ ತಯಾರಿಸುವವರಿದ್ದರೆ ಅವರ ಬಳಿ ಹೋಗುವುದನ್ನು ಬಿಡಬೇಡಿ. ಫೋಮ್ ಕತ್ತರಿಸುವುದನ್ನೂ ಪದರ ಜೋಡಿಸುವುದನ್ನೂ ಎದುರಿಗೇ ನೋಡಬಹುದು, ಮಂಚಕ್ಕೆ ಸರಿಹೊಂದುವ ಬೆಸ ಅಳತೆಯಲ್ಲಿ ಮಾಡಿಸಬಹುದು, ಮುಂದೆ ಮೇಲಿನ ಪದರ ಸೊರಗಿದಾಗ ಅದೊಂದನ್ನೇ ಬದಲಿಸಿಕೊಳ್ಳಬಹುದು. ದೊಡ್ಡ ಹೆಸರಿನ ಹಾಸಿಗೆಗಿಂತ ಇಂಥವರ ಕೈಯ ಹಾಸಿಗೆ ಒಳ್ಳೆಯದಾಗಿರುವುದನ್ನು ನಾನು ಕಂಡಿದ್ದೇನೆ. ಅಳತೆ, ವಸ್ತು ಎಲ್ಲವನ್ನೂ ಮೊದಲೇ ಚೀಟಿಯಲ್ಲಿ ಬರೆದು ಕೊಟ್ಟಿರಬೇಕು, ಅಷ್ಟೇ.

ಮಲಗಿ ನೋಡುವ ಬಗೆ

ಅಂಗಡಿಯಲ್ಲಿ ಜನರೆದುರು ಮಲಗಲು ಸಂಕೋಚವಾಗುವುದು ಸಹಜ. ಆದರೆ ಮುಂದಿನ ಏಳೆಂಟು ವರ್ಷ ಪ್ರತಿ ರಾತ್ರಿ ಮಲಗಬೇಕಾದ ಜಾಗವಿದು, ಕಾಲು ಗಂಟೆಯ ಸಂಕೋಚವನ್ನು ಬದಿಗಿಡಬೇಕು. ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಸಡಿಲವಾದ ಉಡುಪಿನಲ್ಲಿ ಹೋಗಿ. ಮನೆಯಲ್ಲಿ ಬಳಸುವ ದಿಂಬನ್ನು ಜೊತೆಗೆ ಒಯ್ಯಿರಿ, ಏಕೆಂದರೆ ದಿಂಬಿನ ಎತ್ತರ ಬದಲಾದರೆ ಕತ್ತಿನ ಕೋನ ಬದಲಾಗಿ ಹಾಸಿಗೆಯ ಅನುಭವವೇ ಬೇರೆಯಾಗುತ್ತದೆ. ಇಬ್ಬರು ಮಲಗುವ ಹಾಸಿಗೆಯಾದರೆ ಇಬ್ಬರೂ ಹೋಗಬೇಕು, ಇಬ್ಬರೂ ಒಟ್ಟಿಗೆ ಮಲಗಿ ನೋಡಬೇಕು. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಇದ್ದರೆ ತೆಗೆಸಿ. ಅದು ಬಿಗಿಯಾಗಿ ಎಳೆದಿರುವಾಗ ಎಲ್ಲ ಹಾಸಿಗೆಯೂ ಒಂದೇ ರೀತಿ ಅನಿಸುತ್ತದೆ.

ನೀವು ನಿದ್ರೆ ಹೋಗುವ ಭಂಗಿಯಲ್ಲಿಯೇ ಕನಿಷ್ಠ ಹತ್ತು ಹದಿನೈದು ನಿಮಿಷ ಮಲಗಿರಿ. ಮೊದಲ ಎರಡು ನಿಮಿಷ ಎಲ್ಲ ಹಾಸಿಗೆಯೂ ಹಿತವಾಗಿರುತ್ತದೆ, ದಣಿದು ಬಂದವರಿಗಂತೂ ಬೆಂಚೂ ಹಿತವೇ. ಐದಾರು ನಿಮಿಷದ ನಂತರ ದೇಹ ಭಾರ ಬಿಟ್ಟಾಗ ನಿಜ ತಿಳಿಯುತ್ತದೆ. ಅಂಗಾತ ಮಲಗಿ, ನಡುವಿನ ಕೆಳಗೆ ಅಂಗೈ ತೂರಿಸಿ ನೋಡಿ. ಕೈ ಸರಾಗವಾಗಿ ಆಚೆಯಿಂದೀಚೆಗೆ ಆಡಿದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು, ನಡು ಆಸರೆಯಿಲ್ಲದೆ ತೂಗುತ್ತಿದೆ. ಕೈ ತೂರಿಸಲು ಸಾಧ್ಯವೇ ಇಲ್ಲದಂತೆ ಸೊಂಟ ಹೂತುಹೋಗಿದ್ದರೆ ಮೆತ್ತಗಾಯಿತು. ಸ್ವಲ್ಪ ಪ್ರಯತ್ನಪಟ್ಟು ಕೈ ಒಳಹೋಗುವಂತಿದ್ದರೆ ಸರಿಯಾದ ಹದ.

ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜ ಮತ್ತು ಸೊಂಟದ ಬದಿಯ ಮೇಲೆ ಬೀಳುತ್ತದೆ. ಅವರಿಗೆ ಮೇಲ್ಪದರ ಸ್ವಲ್ಪ ಮೆತ್ತಗಿದ್ದು ಭುಜ ಇಳಿಯಲು ಎಡೆ ಕೊಡಬೇಕು, ಇಲ್ಲದಿದ್ದರೆ ತೋಳು ಜೋಮು ಹಿಡಿಯುತ್ತದೆ. ಜೊತೆಗೆ ಬಂದವರಿಗೆ ಹಿಂದಿನಿಂದ ನೋಡಲು ಹೇಳಿ, ಕತ್ತಿನಿಂದ ಸೊಂಟದವರೆಗೆ ಬೆನ್ನುಮೂಳೆಯ ಸಾಲು ನೇರವಾಗಿರಬೇಕು. ಬೇಕಾದರೆ ಒಂದು ಫೋಟೊ ತೆಗೆದು ನೋಡಿ. ಬೋರಲು ಮಲಗುವವರಿಗೆ ಸೊಂಟ ಇಳಿದರೆ ನಡು ಬಿಲ್ಲಿನಂತೆ ಬಾಗುವುದರಿಂದ ಗಟ್ಟಿ ಹಾಸಿಗೆ ಬೇಕು. ಮೈತೂಕವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 50 ಕಿಲೋ ತೂಕದವರಿಗೆ ಗಟ್ಟಿಯಾದ ಹಾಸಿಗೆಯೇ 90 ಕಿಲೋ ತೂಕದವರಿಗೆ ಮೆತ್ತಗಿರಬಹುದು, ಆದ್ದರಿಂದ ಗೆಳೆಯರೊಬ್ಬರು ಹೊಗಳಿದ ಹಾಸಿಗೆ ನಿಮಗೂ ಒಗ್ಗುತ್ತದೆ ಎಂಬ ಭರವಸೆಯಿಲ್ಲ.

ಬೆನ್ನುನೋವಿಗೆ ಎಷ್ಟು ಗಟ್ಟಿಯಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಬಹಳ ಹಳೆಯದು. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನ್ ದೇಶದ ಅಧ್ಯಯನವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ದೀರ್ಘಕಾಲದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆಯನ್ನೂ ಕೊಟ್ಟು 90 ದಿನಗಳ ನಂತರ ನೋಡಿದಾಗ, ಮಲಗಿದಾಗಿನ ನೋವು, ಏಳುವಾಗಿನ ನೋವು ಎರಡರಲ್ಲೂ ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ಹೆಚ್ಚು ಗುಣ ಕಂಡಿತ್ತು. ಅಂಗಡಿಯವರು ‘ಬೆನ್ನುನೋವೇ? ಹಾಗಾದರೆ ಇದೇ ಗಟ್ಟಿ ಹಾಸಿಗೆ’ ಎಂದು ಮುಂದಿಟ್ಟಾಗ ಇದನ್ನು ನೆನಪಿಸಿಕೊಳ್ಳಿ, ಪಕ್ಕದ ಮಧ್ಯಮ ಹದದ ಹಾಸಿಗೆಯ ಮೇಲೂ ಅಷ್ಟೇ ಹೊತ್ತು ಮಲಗಿರಿ. ಎಳೆಯ ಕೂಸಿನ ವಿಷಯ ಮಾತ್ರ ಸಂಪೂರ್ಣ ಬೇರೆ. ಕೂಸು ಮಲಗುವ ಜಾಗ ಗಟ್ಟಿಯಾಗಿ ಸಮತಟ್ಟಾಗಿ ಇರಬೇಕು, ತೊಟ್ಟಿಲಿಗೂ ಹಾಸಿಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು, ಮೆತ್ತನೆಯ ಹಾಸಿಗೆ ಉಸಿರಿಗೇ ಅಪಾಯ.

ಅಂಚಿನಲ್ಲಿ ಕುಳಿತು, ಅಂಚಿಗೆ ಮಲಗಿ ನೋಡಲು ಮರೆಯಬೇಡಿ. ಅಲ್ಲಿ ಜಾರುವಂತಾದರೆ ಅಷ್ಟು ಅಗಲ ಇದ್ದೂ ಇಲ್ಲದಂತೆ. ಪ್ರದರ್ಶನಕ್ಕಿಟ್ಟ ಹಾಸಿಗೆ ನೂರಾರು ಜನ ಕುಳಿತೆದ್ದು ಸ್ವಲ್ಪ ಮೆದುವಾಗಿರುತ್ತದೆ, ಹೊಸದು ಮನೆಗೆ ಬಂದಾಗ ಅದಕ್ಕಿಂತ ಗಟ್ಟಿಯಾಗಿ ಕಾಣುವುದು ಸಹಜ.

ಬಿಲ್ಲು ಮತ್ತು ವಾರಂಟಿ

ಚೌಕಾಸಿಗೆ ಮೊದಲು ಎರಡು ಮೂರು ಅಂಗಡಿ ಸುತ್ತಿ ಪದರಗಳ ವಿವರ ಬರೆದುಕೊಂಡಿದ್ದರೆ ಮಾತಿಗೆ ತೂಕ ಬರುತ್ತದೆ. ಬೆಲೆ ಇಳಿಸಲು ಒಪ್ಪದವರು ಕೆಲವೊಮ್ಮೆ ಹೊದಿಕೆ, ಸಾಗಣೆ, ಹಳೆಯ ಹಾಸಿಗೆಯ ವಿಲೇವಾರಿ ಇವುಗಳನ್ನು ಸೇರಿಸಿ ಕೊಡುತ್ತಾರೆ. ಆದರೆ ಬೆಲೆ ಇಳಿಸಿದ ಮೇಲೆ ಒಳಗಿನ ಫೋಮ್ ಬದಲಾಗದಂತೆ ನೋಡಿಕೊಳ್ಳುವುದು ಮುಖ್ಯ. ಇದಕ್ಕಿರುವ ಏಕೈಕ ಉಪಾಯ ಬಿಲ್ಲು. ತಯಾರಕರ ಹೆಸರು, ಮಾದರಿಯ ಹೆಸರು, ಉದ್ದ ಅಗಲ ದಪ್ಪ, ಪ್ರತಿ ಪದರದ ವಸ್ತು, ದಪ್ಪ ಹಾಗೂ ಡೆನ್ಸಿಟಿ, ವಾರಂಟಿಯ ಅವಧಿ ಇಷ್ಟೂ ಅದರಲ್ಲಿರಬೇಕು. ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಹೊರಗೆ ಬಂದುಬಿಡಿ.

ವಾರಂಟಿಯಲ್ಲಿ ವರ್ಷಗಳ ಸಂಖ್ಯೆಗಿಂತ ನಿಬಂಧನೆಗಳನ್ನು ಓದಬೇಕು. ಎಷ್ಟು ಆಳದ ತಗ್ಗು ಬಿದ್ದರೆ ದೋಷವೆಂದು ಒಪ್ಪುತ್ತಾರೆ? ಎರಡೂವರೆ ಸೆಂಟಿಮೀಟರ್ ಎಂದು ಬರೆದಿದ್ದರೆ ಎರಡು ಸೆಂಟಿಮೀಟರ್ ತಗ್ಗಿನ ಮೇಲೆ ವರ್ಷಗಟ್ಟಲೆ ನರಳಬೇಕಾದೀತು. ಮೊದಲ ಕೆಲವು ವರ್ಷದ ನಂತರ ಬದಲಿಸಿ ಕೊಡುವ ಬದಲು ಬೆಲೆಯ ಒಂದು ಪಾಲನ್ನು ಮಾತ್ರ ಕಳೆಯುತ್ತಾರೆಯೇ? ಕಲೆಯಾದರೆ ವಾರಂಟಿ ರದ್ದಾಗುತ್ತದೆಯೇ? ಮಂಚ ಹೇಗಿರಬೇಕೆಂದು ಷರತ್ತಿದೆಯೇ? ಸಾಗಣೆಯ ಖರ್ಚು ಯಾರದು? ಒಗ್ಗದಿದ್ದರೆ ಎಷ್ಟು ದಿನದೊಳಗೆ ಬದಲಿಸಿ ಕೊಡುತ್ತಾರೆ ಎಂಬುದನ್ನೂ ಕೇಳಿ, ಬಾಯಿಮಾತಾಗಿ ಬಿಡದೆ ಅದನ್ನೂ ಬರೆಸಿ. ಹೊಸ ಹಾಸಿಗೆಗೆ ದೇಹ ಒಗ್ಗಲು ಮೂರು ನಾಲ್ಕು ವಾರ ಬೇಕಾಗಬಹುದು, ಆದ್ದರಿಂದ ಒಂದು ವಾರದ ಅವಕಾಶ ಅವಕಾಶವೇ ಅಲ್ಲ.

ತೀರ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಹೊಲಿಗೆ, ವಾಸನೆ, ತೂಕ ನೋಡಿ. ಹಳೆಯ ಸ್ಪ್ರಿಂಗಿಗೆ ಹೊಸ ಬಟ್ಟೆ ಹೊಲಿದು ಮಾರುವುದಿದೆ, ಅದರ ಜೊತೆ ತಿಗಣೆಯೂ ಬರಬಹುದು.

ಮನೆಗೆ ಬಂದ ಮೇಲೆ

ತಂದವರನ್ನು ಕಳುಹಿಸುವ ಮೊದಲೇ ಚೀಟಿಯ ಹೆಸರು, ಅಳತೆ, ದಪ್ಪ, ತೂಕಗಳನ್ನು ಬಿಲ್ಲಿನೊಂದಿಗೆ ತಾಳೆ ನೋಡಿ. ಅಂಗಡಿಯಲ್ಲಿ ಮಲಗಿ ನೋಡಿದ್ದು ಒಂದು, ಗೋದಾಮಿನಿಂದ ಬಂದದ್ದು ಇನ್ನೊಂದು ಆಗಿರುವುದು ಉದ್ದೇಶದಿಂದಲ್ಲದೆ ಗಡಿಬಿಡಿಯಿಂದಲೂ ನಡೆಯುತ್ತದೆ. ಹೊಸ ಫೋಮ್‌ಗೆ ಇರುವ ವಾಸನೆ ಕಿಟಕಿ ತೆರೆದಿಟ್ಟರೆ ಕೆಲವು ದಿನಗಳಲ್ಲಿ ಹೋಗುತ್ತದೆ. ವಾರಗಳು ಕಳೆದರೂ ಕಣ್ಣು ಉರಿಯುವಂತಿದ್ದರೆ ಹಿಂದಿರುಗಿಸಿ. ಫೋಮ್ ಹಾಗೂ ಲೇಟೆಕ್ಸನ್ನು ಬಿಸಿಲಿಗೆ ಹಾಕಬಾರದು, ಬಿಸಿಲಿಗೆ ಅವು ಹಳದಿಯಾಗಿ ಪುಡಿಯಾಗತೊಡಗುತ್ತವೆ. ಬೆವರು, ಧೂಳು ಒಳಗಿಳಿಯದಂತೆ ತೆಗೆದು ಒಗೆಯಬಹುದಾದ ಹೊದಿಕೆಯೊಂದನ್ನು ಮೊದಲ ದಿನವೇ ಹಾಕಿ. ಧೂಳುಹುಳಗಳ ಅಲರ್ಜಿ ಇರುವ ಮನೆಯಲ್ಲಿ ಮೇಲುಹಾಸನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ಹುಳಗಳು ಸಾಯುತ್ತವೆ. ಮೂರು ತಿಂಗಳಿಗೊಮ್ಮೆ ತಲೆಯ ಭಾಗವನ್ನು ಕಾಲಿನ ಕಡೆಗೆ ತಿರುಗಿಸಿ ಹಾಕಿ. ಮಗುಚಿ ಹಾಕುವುದು ಎರಡೂ ಕಡೆ ಬಳಸಲು ಮಾಡಿದ ಹಾಸಿಗೆಗೆ ಮಾತ್ರ, ಒಂದೇ ಕಡೆ ಮೆತ್ತನೆಯ ಪದರವಿರುವುದನ್ನು ಮಗುಚಿದರೆ ಉಪಯೋಗವಿಲ್ಲ.

ಆರು ತಿಂಗಳಿಗೊಮ್ಮೆ ಒಂದು ದಾರವನ್ನು ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ಬಿಗಿಯಾಗಿ ಎಳೆದು ಹಿಡಿದು, ಸೊಂಟ ಊರುವ ಜಾಗದಲ್ಲಿ ದಾರದಿಂದ ಹಾಸಿಗೆಯವರೆಗಿನ ಆಳವನ್ನು ಸ್ಕೇಲಿನಿಂದ ಅಳೆದು, ದಿನಾಂಕದೊಂದಿಗೆ ಬಿಲ್ಲಿನ ಹಿಂಬದಿಯಲ್ಲಿ ಬರೆದಿಡಿ, ಸ್ಕೇಲ್ ಕಾಣುವಂತೆ ಒಂದು ಫೋಟೊವನ್ನೂ ತೆಗೆದಿಡಿ. ತಗ್ಗು ವಾರಂಟಿಯ ಮಿತಿಯನ್ನು ಮುಟ್ಟಿದ ದಿನ ಆ ಬಿಲ್ಲನ್ನು ಹಿಡಿದು ಅದೇ ಅಂಗಡಿಗೆ ನಡೆದು ಹೋಗಬಹುದು.